‘ಈಗ ವಿಜ್ಞಾನವೂ ಒಪ್ಪಿದೆ’

ಚಿಕ್ಕಮ್ಮ ಮೊಬೈಲಿಗೆ ಕಳುಹಿಸುವ ಸಂದೇಶಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಬರುತ್ತದೆ: ‘ಇದನ್ನು ಈಗ ವಿಜ್ಞಾನವೂ ಒಪ್ಪಿದೆ.’ ಪ್ರಾರ್ಥನೆಯ ಹೊತ್ತಿನಲ್ಲಿ ಹುಟ್ಟುವ ಶಬ್ದತರಂಗಗಳು ಮೆದುಳಿನ ಯಾವುದೋ ಭಾಗವನ್ನು ಎಚ್ಚರಿಸುತ್ತವಂತೆ, ವಿದೇಶದ ವಿಶ್ವವಿದ್ಯಾಲಯವೊಂದು ಇದನ್ನು ಕಂಡುಹಿಡಿದಿದೆಯಂತೆ. ಯಾವ ವಿಶ್ವವಿದ್ಯಾಲಯ, ಯಾವ ವರ್ಷ, ಎಷ್ಟು ಜನರ ಮೇಲೆ ಪ್ರಯೋಗ ನಡೆಯಿತು ಎಂಬುದೊಂದೂ ಅಲ್ಲಿರುವುದಿಲ್ಲ. ಕೊನೆಯಲ್ಲಿ ಕೈಮುಗಿದ ಚಿತ್ರ ಮಾತ್ರ ತಪ್ಪದೆ ಇರುತ್ತದೆ.

ಎಷ್ಟೋ ಸಲ ನೋಡಿಯೂ ನೋಡದಂತೆ ಇದ್ದವನು ಒಂದು ದಿನ ತಡೆಯಲಾರದೆ ಮೂರು ಪ್ಯಾರಾ ಉತ್ತರ ಬರೆದೆ. ತರಂಗವೆಂದರೇನು, ಆವರ್ತನವೆಂದರೇನು, ಹೋಲಿಕೆಗೆ ಇನ್ನೊಂದು ಗುಂಪಿಲ್ಲದೆ ನಡೆಸಿದ ಪ್ರಯೋಗ ಏಕೆ ಪ್ರಯೋಗವೇ ಅಲ್ಲ ಎಂದು ವಿವರಿಸಿದೆ. ಕಳುಹಿಸಿದ ಮೇಲೆ ವಾದದಲ್ಲಿ ಗೆದ್ದ ಹುಡುಗನ ಹಾಗೆ ಸಣ್ಣ ಖುಷಿಯೂ ಆಯಿತು ಎಂದು ಒಪ್ಪಿಕೊಳ್ಳಬೇಕು. ಐದು ನಿಮಿಷದ ಮೇಲೆ ಚಿಕ್ಕಮ್ಮನ ಉತ್ತರ ಬಂತು: ‘ನಿನಗೆ ವಿಜ್ಞಾನ ಇಷ್ಟವಲ್ಲವೇ, ಅದಕ್ಕೇ ಕಳುಹಿಸಿದೆ. ನನಗೇನು, ಯಾರು ಒಪ್ಪಿದರೂ ಬಿಟ್ಟರೂ ನಾನು ಪ್ರಾರ್ಥನೆ ಮಾಡುವವಳೇ.’

ನನ್ನ ಮೂರು ಪ್ಯಾರಾ ಅಲ್ಲಿಗೆ ಬಿದ್ದುಹೋಯಿತು. ಆ ಸಂದೇಶದಲ್ಲಿದ್ದ ವಿಜ್ಞಾನದ ಸಹಿ ಆಕೆಗೆ ಬೇಕಾಗಿದ್ದದ್ದೇ ಅಲ್ಲ. ಬೇಕಾಗಿದ್ದು ನನಗೆ, ಅಥವಾ ನನಗೆ ಬೇಕಾಗಿರಬಹುದೆಂದು ಆಕೆ ಎಣಿಸಿದ್ದಳು. ಪರದೇಶದವನ ಮನೆಗೆ ಹೋಗುವಾಗ ಅವನ ಭಾಷೆಯ ನಾಲ್ಕು ಮಾತು ಕಲಿತು ಹೋಗುತ್ತಾರಲ್ಲ, ಹಾಗೆ. ಈ ಯುಗದ ಅಧಿಕೃತ ಭಾಷೆ ವಿಜ್ಞಾನ. ಅದರ ಮೊಹರು ಬಿದ್ದರೆ ಮಾತಿಗೆ ಬೆಲೆ, ಇಲ್ಲದಿದ್ದರೆ ಇಲ್ಲ. ಹೀಗಾಗಿ ನಂಬುವವರೂ ತಮ್ಮ ನಂಬಿಕೆಯನ್ನು ಹೊತ್ತುಕೊಂಡು ಪ್ರಯೋಗಶಾಲೆಯ ಬಾಗಿಲಲ್ಲಿ ಸಾಲು ನಿಂತಿದ್ದಾರೆ, ಒಂದು ಸಹಿಗಾಗಿ. ವಿಜ್ಞಾನ ಮತ್ತು ಧರ್ಮದ ನಡುವೆ ಇವತ್ತು ನಡೆಯುತ್ತಿರುವುದನ್ನು ಯುದ್ಧ ಎನ್ನಲು ನನಗೆ ಮನಸ್ಸಿಲ್ಲ. ಹೆಚ್ಚಿನ ಪಾಲು ಅದು ಈ ಅರ್ಜಿ ವ್ಯವಹಾರ.

ಈ ಅರ್ಜಿಯನ್ನು ಹರಿದುಹಾಕಿದ ಒಬ್ಬ ಪಾದ್ರಿ ಇದ್ದರು. ಜಾರ್ಜ್ ಲೆಮೇತ್ರ್. ಬೆಲ್ಜಿಯಂನವರು, 1894ರಲ್ಲಿ ಹುಟ್ಟಿದವರು. ಮೊದಲನೆಯ ಮಹಾಯುದ್ಧದಲ್ಲಿ ಫಿರಂಗಿ ದಳದಲ್ಲಿದ್ದು ಬಂದು, 1923ರಲ್ಲಿ ಕ್ಯಾಥೊಲಿಕ್ ಪಾದ್ರಿಯಾಗಿ ದೀಕ್ಷೆ ಪಡೆದರು. ಅದೇ ವರ್ಷ ಕೇಂಬ್ರಿಜ್‌ಗೆ ಹೋಗಿ ಆರ್ಥರ್ ಎಡಿಂಗ್ಟನ್ ಅವರ ಬಳಿ ಖಗೋಳವಿಜ್ಞಾನ ಕಲಿತರು. 1927ರಲ್ಲಿ ಫ್ರೆಂಚ್ ಭಾಷೆಯಲ್ಲಿ, ಹೊರಗಿನವರು ಅಷ್ಟಾಗಿ ಓದದ ಬ್ರಸೆಲ್ಸ್‌ನ ಪತ್ರಿಕೆಯೊಂದರಲ್ಲಿ, ವಿಶ್ವ ಹಿಗ್ಗುತ್ತಿದೆ ಎಂದು ಐನ್‌ಸ್ಟೈನರ ಸಮೀಕರಣಗಳಿಂದಲೇ ತೋರಿಸಿಕೊಟ್ಟರು. ಆ ವರ್ಷದ ಕೊನೆಯಲ್ಲಿ ಬ್ರಸೆಲ್ಸ್‌ಗೆ ಬಂದಿದ್ದ ಐನ್‌ಸ್ಟೈನ್, ನಿಮ್ಮ ಲೆಕ್ಕ ಸರಿಯಾಗಿದೆ, ಭೌತವಿಜ್ಞಾನ ಮಾತ್ರ ಅಸಹ್ಯವಾಗಿದೆ ಎಂದು ಮುಖಕ್ಕೆ ಹೇಳಿದ್ದನ್ನು ಲೆಮೇತ್ರ್ ಮುಂದೆ ನೆನಪಿಸಿಕೊಂಡಿದ್ದಾರೆ.

ಹಿಗ್ಗುತ್ತಿರುವುದನ್ನು ಕಾಲದಲ್ಲಿ ಹಿಂದಕ್ಕೆ ಓಡಿಸಿದರೆ ಕುಗ್ಗಬೇಕು. ಕುಗ್ಗಿ ಕುಗ್ಗಿ ಎಲ್ಲಿಗೆ ಬಂದು ನಿಲ್ಲಬೇಕು? ಲೆಮೇತ್ರ್ 1931ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಗೆ ಒಂದು ಪುಟಕ್ಕೂ ಚಿಕ್ಕದಾದ ಟಿಪ್ಪಣಿ ಬರೆದರು. ಇಡೀ ವಿಶ್ವ ಶಕ್ತಿಯ ಒಂದೇ ಕಂತೆಯಿಂದ, ಅಂದರೆ ಒಂದೇ ಒಂದು ಕ್ವಾಂಟಮ್‌ನಿಂದ ಶುರುವಾಗಿರಬಹುದು, ಕಾಲ ಮತ್ತು ಸ್ಥಳ ಎಂಬ ಮಾತುಗಳಿಗೆ ಆಗ ಅರ್ಥವೇ ಇದ್ದಿರಲಾರದು ಎಂಬುದು ಅದರ ಸಾರ. ಈಗ ನಾವು ಮಹಾಸ್ಫೋಟ ಎನ್ನುವುದರ ಬೀಜ ಅಲ್ಲಿದೆ.

ಆ ಟಿಪ್ಪಣಿಯ ಬೆರಳಚ್ಚು ಪ್ರತಿ ಉಳಿದುಕೊಂಡಿದೆ. ಅದರ ಕೊನೆಯಲ್ಲಿ, ಅಚ್ಚಾದ ಟಿಪ್ಪಣಿಯಲ್ಲಿ ಇಲ್ಲದ ಒಂದು ಪ್ಯಾರಾ ಇದೆ. ಎಲ್ಲವನ್ನೂ ಆಧರಿಸಿ ನಿಂತ ಪರಮಸತ್ವವನ್ನು ನಂಬುವವರು ದೇವರು ಮೂಲತಃ ಮರೆಯಲ್ಲಿರುವವನು ಎಂದೂ ನಂಬುತ್ತಾರೆ; ಇವತ್ತಿನ ಭೌತವಿಜ್ಞಾನ ಸೃಷ್ಟಿಯ ಮೇಲೆ ಒಂದು ತೆರೆ ಎಳೆದಿರುವುದನ್ನು ಕಂಡು ಅವರಿಗೆ ಸಂತೋಷವಾಗಬಹುದು. ಇದು ಅದರ ಭಾವ. ಕಳುಹಿಸುವ ಮೊದಲು ಆ ಪ್ಯಾರಾವನ್ನು ಗೀಚಿ ಹೊಡೆದುಹಾಕಲಾಗಿದೆ.

ಆ ಗೀಚಿನ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಪಾದ್ರಿಯೊಬ್ಬರು ವಿಶ್ವದ ಆದಿಯನ್ನು ಸಮೀಕರಣದಲ್ಲಿ ಕಂಡರು. ದೇವರ ಹೆಸರು ಹೇಳಲು ಅದಕ್ಕಿಂತ ಒಳ್ಳೆಯ ಜಾಗ, ಒಳ್ಳೆಯ ಮುಹೂರ್ತ ಇನ್ನಾರಿಗೂ ಸಿಕ್ಕಿರಲಿಲ್ಲ. ಹೇಳಿಯೂಬಿಟ್ಟರು. ಆಮೇಲೆ ಹೊಡೆದುಹಾಕಿದರು. ಹೊಡೆದುಹಾಕಿದ್ದರಲ್ಲಿ ಕೂಡ ನೋಡಿ, ‘ವಿಜ್ಞಾನ ದೇವರನ್ನು ತೋರಿಸಿಕೊಟ್ಟಿತು’ ಎಂಬ ಹುರುಪಿಲ್ಲ. ವಿಜ್ಞಾನ ಆತನನ್ನು ಇನ್ನಷ್ಟು ಮರೆಮಾಡಿತು ಎಂಬ ಸಮಾಧಾನವಿದೆ.

ಇಪ್ಪತ್ತು ವರ್ಷಗಳ ನಂತರ ಅದೇ ವಿಷಯ ಬೇರೆ ರೂಪದಲ್ಲಿ ಎದುರಾಯಿತು. 1951ರ ನವೆಂಬರ್ 22ರಂದು ಪೋಪ್ ಹನ್ನೆರಡನೆಯ ಪಯಸ್ ತಮ್ಮ ವಿಜ್ಞಾನ ಅಕಾಡೆಮಿಯ ಮುಂದೆ ಭಾಷಣ ಮಾಡಿದರು. ಬೆಳಕಾಗಲಿ ಎಂದು ದೇವರು ನುಡಿದ ಆ ಮೊದಲ ಕ್ಷಣಕ್ಕೆ ಇಂದಿನ ವಿಜ್ಞಾನ ಸಾಕ್ಷಿ ನುಡಿಯುತ್ತಿದೆ ಎಂಬ ಧಾಟಿಯ ಮಾತು. ಚಿಕ್ಕಮ್ಮನ ಸಂದೇಶದ ವ್ಯಾಟಿಕನ್ ಆವೃತ್ತಿ ಎನ್ನಬಹುದು. ಲೆಮೇತ್ರ್ ಆ ಅಕಾಡೆಮಿಯ ಸದಸ್ಯರು. ಅವರಿಗೆ ಇದು ಹಿಡಿಸಲಿಲ್ಲ. ಸಿದ್ಧಾಂತ ಆಗಿನ್ನೂ ಊಹೆಯ ಹಂತದಲ್ಲಿತ್ತು. ನಾಳೆ ತಪ್ಪೆಂದು ಸಾಬೀತಾದರೆ ಅದರ ಜೊತೆಗೆ ದೇವರೂ ಬೀಳಬೇಕೇ? ಮುಂದಿನ ವರ್ಷದ ಸೆಪ್ಟೆಂಬರಿನಲ್ಲಿ ಜಗತ್ತಿನ ಖಗೋಳವಿಜ್ಞಾನಿಗಳೆಲ್ಲ ರೋಮ್‌ನಲ್ಲಿ ಸೇರುವವರಿದ್ದರು, ಪೋಪ್ ಅವರನ್ನು ಉದ್ದೇಶಿಸಿ ಮಾತನಾಡುವವರಿದ್ದರು. ಲೆಮೇತ್ರ್ ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕರೊಡನೆ ಸೇರಿ, ಈ ಮಾತು ಮತ್ತೆ ಬರದಂತೆ ನೋಡಿಕೊಳ್ಳಲು ಪ್ರಯತ್ನಿಸಿದರು. 1952ರ ಭಾಷಣದಲ್ಲಿ ಆ ಮಾತು ಬರಲಿಲ್ಲ.

ಆ ಕಡೆ ಬ್ರಿಟನ್ನಿನ ಖಗೋಳವಿಜ್ಞಾನಿ, ನಾಸ್ತಿಕ ಫ್ರೆಡ್ ಹಾಯ್ಲ್‌ಗೆ ಈ ಸಿದ್ಧಾಂತ ಕಂಡರಾಗದು. ಆದಿ ಎಂದರೆ ಅದರಲ್ಲಿ ಸೃಷ್ಟಿಕರ್ತನ ವಾಸನೆ. 1949ರಲ್ಲಿ ಬಿಬಿಸಿ ರೇಡಿಯೊದಲ್ಲಿ ‘ಬಿಗ್ ಬ್ಯಾಂಗ್’ ಎಂಬ ಹೆಸರನ್ನು ಮೊದಲು ಬಾಯಿಗೆ ತಂದದ್ದೇ ಅವರು. ವಿಚಿತ್ರವೆಂದರೆ ಅದೇ ವಿಶ್ವದ ಆದಿ ಎಡಿಂಗ್ಟನ್ ಅವರಿಗೂ ರುಚಿಸಿರಲಿಲ್ಲ, ಅವರೋ ಕ್ವೇಕರ್ ಎಂಬ ಕ್ರೈಸ್ತ ಪಂಥದ ಶ್ರದ್ಧಾವಂತ. ಯಾರ ನಂಬಿಕೆ ಯಾವ ಕಡೆ ಎಳೆಯುತ್ತದೆ ಎಂದು ಹೇಳುವುದು ಅಂದುಕೊಂಡಷ್ಟು ಸುಲಭವಲ್ಲ. ಕೊನೆಗೆ ಜಗಳ ಬಗೆಹರಿಸಿದ್ದು ಪೋಪರೂ ಅಲ್ಲ, ಹಾಯ್ಲ್ ಅವರೂ ಅಲ್ಲ. ಅಮೆರಿಕದ ಒಂದು ಕೊಂಬಿನಾಕಾರದ ಆಂಟೆನಾ. 1964ರಿಂದ ಅದರಲ್ಲಿ ಎಷ್ಟು ಮಾಡಿದರೂ ಹೋಗದ ಒಂದು ಸಣ್ಣ ಗುಯ್‌ಗುಡುವಿಕೆ ಕೇಳುತ್ತಿತ್ತು. ಅದರಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳಾದ ಪೆಂಜಿಯಾಸ್ ಮತ್ತು ವಿಲ್ಸನ್ ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿದರು, ಹಿಕ್ಕೆ ತೊಳೆದರು, ಸದ್ದು ಹೋಗಲಿಲ್ಲ. ಅದು ವಿಶ್ವದ ಬಾಲ್ಯದ ಬಿಸಿ, ಆರಿ ಆರಿ ಉಳಿದದ್ದು. 1966ರ ಜೂನ್‌ನಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದ ಲೆಮೇತ್ರ್ ಅವರಿಗೆ ಈ ಸುದ್ದಿಯನ್ನು ಅವರ ಸಹಾಯಕ ಮುಟ್ಟಿಸಿದ. ಆ ತಿಂಗಳ 20ರಂದು ಅವರು ತೀರಿಕೊಂಡರು.

ಇಷ್ಟು ದೂರ ‘ಧರ್ಮ’ ಎಂಬ ಪದವನ್ನು ಸಲೀಸಾಗಿ ಬಳಸಿಕೊಂಡು ಬಂದೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕನ್ನಡದಲ್ಲಿ ಈ ಚರ್ಚೆಗೆ ಕೈಹಾಕಿದವರಿಗೆ ಮೊದಲು ಕಾಲಿಗೆ ತೊಡರುವುದೇ ಪದಗಳು. ‘ರಿಲಿಜನ್’ ಎಂಬುದಕ್ಕೆ ಏನು ಹೇಳುವುದು? ಧರ್ಮ ಎಂದರೆ ಅದು ರಿಲಿಜನ್‌ಗಿಂತ ಬಹಳ ಹಿಗ್ಗಿದ ಚೀಲ. ಸುಡುವುದು ಬೆಂಕಿಯ ಧರ್ಮ. ಶಾಲೆಯ ರಸಾಯನವಿಜ್ಞಾನದ ಪಾಠದಲ್ಲಿ ಆಮ್ಲಗಳ ‘ಗುಣಧರ್ಮ’ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಧರ್ಮ ಆಗಲೇ ಪ್ರಯೋಗಶಾಲೆಯೊಳಗೆ ಸೀಸೆಗಳ ಪಕ್ಕದಲ್ಲಿ ಕುಳಿತಿತ್ತು, ಯಾರೂ ತಕರಾರು ಮಾಡಿರಲಿಲ್ಲ. ಮತ ಎನ್ನೋಣವೆಂದರೆ ಅದಕ್ಕೆ ಅಭಿಪ್ರಾಯ ಎಂಬ ಅರ್ಥವೂ ಇದೆ, ಚುನಾವಣೆಯಲ್ಲಿ ಹಾಕುವ ಓಟೂ ಅದೇ. ‘ನನ್ನ ಮತ ಬೇರೆ’ ಎಂದರೆ ಮೂರರಲ್ಲಿ ಯಾವುದು ಎಂದು ಸಂದರ್ಭ ನೋಡಿಯೇ ತಿಳಿಯಬೇಕು. ಇನ್ನು ವಿಜ್ಞಾನ ಎಂಬ ಪದವಂತೂ ಉಪನಿಷತ್ತುಗಳ ಕಾಲದಿಂದ ಇರುವಂಥದು, ಆಧುನಿಕ ಪ್ರಯೋಗವಿದ್ಯೆಗೆ ಅದನ್ನು ಹೊಂದಿಸಿಕೊಂಡದ್ದು ತೀರ ಈಚೆಗೆ.

ಇಂಗ್ಲಿಷಿನಲ್ಲೂ ಕಥೆ ಅಷ್ಟು ಹಳೆಯದೇನಲ್ಲ. ‘ಸೈಂಟಿಸ್ಟ್’ ಎಂಬ ಪದ ಹುಟ್ಟಿದ್ದು 1833ರಲ್ಲಿ. ಹುಟ್ಟಿಸಿದ ವಿಲಿಯಂ ಹ್ಯೂವೆಲ್ ದೀಕ್ಷೆ ಪಡೆದ ಪಾದ್ರಿ.

ನನಗೆ ಹೆಚ್ಚು ಬೆಳಕು ಕೊಟ್ಟದ್ದು ‘ನಂಬು’ ಎಂಬ ನಮ್ಮ ಅಚ್ಚಗನ್ನಡ ಕ್ರಿಯಾಪದ. ‘ನೀನು ಹೇಳಿದ್ದನ್ನು ನಂಬುತ್ತೇನೆ’ ಎನ್ನುವುದು ಒಂದು. ‘ನಿನ್ನನ್ನು ನಂಬಿದ್ದೇನೆ’ ಎನ್ನುವುದು ಇನ್ನೊಂದು. ಮೊದಲನೆಯದು ಒಂದು ಹೇಳಿಕೆಯ ಬಗ್ಗೆ, ಅದು ಸರಿಯೋ ತಪ್ಪೋ ಪರೀಕ್ಷೆ ಮಾಡಬಹುದು. ಎರಡನೆಯದು ಒಬ್ಬರ ಮೇಲೆ ಭಾರ ಹಾಕಿ ಕುಳಿತುಕೊಳ್ಳುವುದು. ‘ನಂಬಿ ಕೆಟ್ಟೆ’ ಎಂದು ಗೋಳಾಡುವವರು ಯಾವುದೋ ವಾಕ್ಯ ಸುಳ್ಳಾಯಿತೆಂದು ಅಳುತ್ತಿರುವುದಿಲ್ಲ. ಶ್ರದ್ಧೆಯ ಗತಿಯೂ ಹೀಗೆಯೇ. ದೇವರಲ್ಲಿ ಶ್ರದ್ಧೆ ಎನ್ನುತ್ತೇವೆ. ಮಗುವಿಗೆ ‘ಶ್ರದ್ಧೆಯಿಂದ ಓದು’ ಎಂದೂ ಹೇಳುತ್ತೇವೆ. ಹಾಗೆ ಹೇಳುವಾಗ ಪಠ್ಯಪುಸ್ತಕವನ್ನು ಕಣ್ಣುಮುಚ್ಚಿ ಒಪ್ಪಿಕೋ ಎಂದಲ್ಲ, ಮನಸ್ಸಿಟ್ಟು ಕೂರು ಎಂದಷ್ಟೇ ಅರ್ಥ. ಆಂಟೆನಾದಿಂದ ಪಾರಿವಾಳದ ಹಿಕ್ಕೆ ತೊಳೆದದ್ದು ಶ್ರದ್ಧೆಯಲ್ಲದೆ ಇನ್ನೇನು?

ಜಗಳದ ಬಹುಭಾಗ ಈ ಎರಡು ನಂಬುವಿಕೆಗಳನ್ನು ಒಂದೇ ಚೀಲಕ್ಕೆ ತುಂಬಿದ್ದರಿಂದ ಬಂದದ್ದು ಎಂದು ನನಗೆ ಅನಿಸುತ್ತದೆ. ವಿಜ್ಞಾನದ ಕಡೆಯವರು ಚಿಕ್ಕಮ್ಮನ ಪ್ರಾರ್ಥನೆಯನ್ನು ಒಂದು ಹೇಳಿಕೆಯೆಂದು ಓದಿ ತಪ್ಪು ಹಾಕುತ್ತಾರೆ. ನಾನು ಮೂರು ಪ್ಯಾರಾದಲ್ಲಿ ಮಾಡಿದ್ದು ಅದೇ. ಧರ್ಮದ ಕಡೆಯವರು ಸಹಿಯ ಆಸೆಗೆ ತಮ್ಮ ಭಾರ ಹಾಕುವ ನಂಬಿಕೆಯನ್ನು ತಾವೇ ಹೇಳಿಕೆಯ ಮಟ್ಟಕ್ಕೆ ಇಳಿಸಿಕೊಂಡು ಪರೀಕ್ಷೆಗೆ ಕೂರಿಸುತ್ತಾರೆ, ನಪಾಸಾದಾಗ ಪರೀಕ್ಷಕನ ಮೇಲೆ ಸಿಟ್ಟಾಗುತ್ತಾರೆ.

ಇವೆರಡರದು ಹುಟ್ಟಾ ವೈರ ಎಂಬ ಕಥೆ ನಮ್ಮ ತಲೆಗೆ ಹೊಕ್ಕಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. 1874ರಲ್ಲಿ ಡ್ರೇಪರ್, 1896ರಲ್ಲಿ ಆಂಡ್ರ್ಯೂ ವೈಟ್ ಎಂಬ ಇಬ್ಬರು ಅಮೆರಿಕನ್ನರು ಸಂಘರ್ಷ, ಯುದ್ಧ ಎಂದೇ ಶೀರ್ಷಿಕೆಯಿಟ್ಟು ದಪ್ಪ ಪುಸ್ತಕಗಳನ್ನು ಬರೆದರು. ಮಧ್ಯಯುಗದವರು ಭೂಮಿ ಚಪ್ಪಟೆಯೆಂದು ನಂಬಿದ್ದರು, ಕೊಲಂಬಸ್ ಬಂದು ಅದನ್ನು ಸುಳ್ಳು ಮಾಡಿದ ಎಂಬ ಕಥೆಯೂ ಇದೇ ಶತಮಾನದ ಕೊಡುಗೆ. ಕೊಲಂಬಸ್‌ನನ್ನು ವಿರೋಧಿಸಿದ ಪಂಡಿತರಿಗೆ ಭೂಮಿ ದುಂಡಗಿದೆ ಎಂಬುದು ಚೆನ್ನಾಗಿಯೇ ಗೊತ್ತಿತ್ತು. ಅವರ ತಕರಾರು ದೂರದ ಬಗ್ಗೆ. ಲೆಕ್ಕದಲ್ಲಿ ಅವರೇ ಸರಿ, ಆತನೇ ತಪ್ಪು.

ಗೆಲಿಲಿಯೊ ಮಾತ್ರ ಸುಳ್ಳು ಕಥೆಯಲ್ಲ. 1633ರ ಜೂನ್ 22ರಂದು ಅರವತ್ತೊಂಬತ್ತು ವರ್ಷದ ಮುದುಕನನ್ನು ರೋಮ್‌ನ ಮಠವೊಂದರಲ್ಲಿ ಮಂಡಿಯೂರಿಸಿ, ಭೂಮಿ ಚಲಿಸುತ್ತದೆ ಎಂದದ್ದು ತಪ್ಪು ಎಂದು ಚರ್ಚಿನ ವಿಚಾರಣಾಮಂಡಳಿಯವರು ಹೇಳಿಸಿದರು. 1642ರಲ್ಲಿ ಸಾಯುವ ತನಕ ಆತ ಗೃಹಬಂಧನದಲ್ಲಿದ್ದ. ಇದನ್ನು ಯಾವ ಸೂಕ್ಷ್ಮ ವಿಶ್ಲೇಷಣೆಯೂ ತೊಳೆಯಲಾರದು, ತೊಳೆಯಲು ಹೊರಟವರನ್ನು ಕಂಡರೆ ನನಗೆ ಸಂಶಯ. ಆದರೂ ಕಡತ ತೆರೆದು ನೋಡಿದರೆ ಪಾತ್ರಗಳು ನಾವು ಬಯಸಿದ ಬಣ್ಣದಲ್ಲಿಲ್ಲ. ಭೂಮಿಯ ಚಲನೆಗೆ ನಿಜವಾದ ಪ್ರಮಾಣ ಸಿಕ್ಕಿದರೆ ಬೈಬಲಿನ ವಾಕ್ಯಗಳನ್ನು ನಾವೇ ಬೇರೆ ರೀತಿಯಲ್ಲಿ ಅರ್ಥಮಾಡಿಕೊಳ್ಳಬೇಕಾಗುತ್ತದೆ ಎಂದು 1615ರಲ್ಲೇ ಪತ್ರ ಬರೆದವನು ಚರ್ಚಿನದೇ ಹಿರಿಯ ಅಧಿಕಾರಿ, ಕಾರ್ಡಿನಲ್ ಬೆಲ್ಲರ್ಮೀನ್. ಅಂಥ ಪ್ರಮಾಣ ತನ್ನ ಬಳಿ ಇದೆ ಎಂದು ಗೆಲಿಲಿಯೊ ಮುಂದಿಟ್ಟದ್ದು ಸಮುದ್ರದ ಉಬ್ಬರವಿಳಿತವನ್ನು. ಭೂಮಿ ಚಲಿಸುವುದರಿಂದ ನೀರು ತುಳುಕುತ್ತದೆ ಎಂಬ ಆ ವಾದ ಪೂರ್ತಿ ತಪ್ಪು; ನೀರನ್ನು ಎಳೆಯುವುದು ಮುಖ್ಯವಾಗಿ ಚಂದ್ರ. ಭೂಮಿ ಸುತ್ತುವುದಾದರೆ ಹತ್ತಿರದ ನಕ್ಷತ್ರಗಳು ವರ್ಷದಲ್ಲಿ ಒಂದಿಷ್ಟು ಅತ್ತಿತ್ತ ಸರಿದಂತೆ ಕಾಣಬೇಕಲ್ಲ ಎಂಬ ವಿರೋಧಿಗಳ ಪ್ರಶ್ನೆ ಸರಿಯಾದ ಪ್ರಶ್ನೆಯೇ ಆಗಿತ್ತು. ಆ ಸರಿತವನ್ನು ಜರ್ಮನಿಯ ಖಗೋಳಜ್ಞ ಬೆಸೆಲ್ ಅಳೆದು ತೋರಿಸಿದ್ದು 1838ರಲ್ಲಿ. ಗೆಲಿಲಿಯೊ ಹೇಳಿದ್ದು ನಿಜ, ಅದಕ್ಕೆ ಕೊಟ್ಟ ಕಾರಣ ಸುಳ್ಳು. ಎದುರಾಳಿಗಳು ಕೇಳಿದ ಪುರಾವೆ ನ್ಯಾಯ, ಮಾಡಿದ ಕೆಲಸ ಅನ್ಯಾಯ. ಪುರಾವೆ ಕೇಳುವುದಕ್ಕೂ ಮಂಡಿಯೂರಿಸುವುದಕ್ಕೂ ನಡುವೆ ಇರುವ ಅಂತರದಲ್ಲಿ ಆ ಅಪರಾಧವಿದೆ.

ಇದರ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ಚಿತ್ರವಿದೆ. ಗೆಲಿಲಿಯೊ ಮಂಡಿಯೂರಿದ ಇಪ್ಪತ್ತೆರಡು ವರ್ಷಗಳ ಮೇಲೆ, 1655ರಲ್ಲಿ, ಪೋಪರದೇ ಆಳ್ವಿಕೆಯಲ್ಲಿದ್ದ ಬೊಲೋನ್ಯ ನಗರದ ಸಾನ್ ಪೆಟ್ರೋನಿಯೊ ಚರ್ಚಿನ ನೆಲದ ಮೇಲೆ ಕಸ್ಸೀನಿ ಎಂಬ ಖಗೋಳಜ್ಞ ಉತ್ತರ ದಕ್ಷಿಣವಾಗಿ ಒಂದು ಗೆರೆ ಹಾಕಿದ. ಗೆರೆಯ ಉದ್ದ ಸುಮಾರು 67 ಮೀಟರ್. ಮೇಲೆ ಸುಮಾರು 27 ಮೀಟರ್ ಎತ್ತರದ ಚಾವಣಿಯಲ್ಲಿ ಒಂದು ಸಣ್ಣ ರಂಧ್ರ. ಕತ್ತಲೆಯ ಚರ್ಚಿನೊಳಗೆ ಆ ರಂಧ್ರದಿಂದ ಬಿಸಿಲು ಕೋಲಿನಂತೆ ಇಳಿದು ನೆಲದ ಮೇಲೆ ಸೂರ್ಯನ ಬಿಂಬ ಮೂಡಿಸುತ್ತದೆ. ನೋಡುನೋಡುತ್ತಿದ್ದಂತೆ ಅದು ಹರಿದು ಬಂದು, ಸರಿಯಾಗಿ ನಡುಹಗಲಿಗೆ ಗೆರೆಯನ್ನು ದಾಟುತ್ತದೆ. ಬೇಸಿಗೆಯಲ್ಲಿ ರಂಧ್ರದ ಕೆಳಗೆ ಹತ್ತಿರದಲ್ಲಿ, ಚಳಿಗಾಲದಲ್ಲಿ ಗೆರೆಯ ದೂರದ ತುದಿಯಲ್ಲಿ ಉದ್ದುದ್ದವಾಗಿ. ಚರ್ಚಿಗೆ ಇದು ಬೇಕಾಗಿದ್ದದ್ದು ಈಸ್ಟರ್ ಹಬ್ಬದ ದಿನ ಗೊತ್ತುಮಾಡಲು. ಅದಕ್ಕೆ ವರ್ಷದ ಉದ್ದ ಕರಾರುವಾಕ್ಕಾಗಿ ತಿಳಿಯಬೇಕು. ಕಸ್ಸೀನಿ ಅದರ ಜೊತೆಗೆ ಬಿಂಬದ ಅಗಲವನ್ನೂ ವರ್ಷವಿಡೀ ಅಳೆದ. ಸೂರ್ಯ ಹತ್ತಿರವಿದ್ದಾಗ ಬಿಂಬ ಕೊಂಚ ದೊಡ್ಡದು, ದೂರವಿದ್ದಾಗ ಕೊಂಚ ಚಿಕ್ಕದು. ಆ ವ್ಯತ್ಯಾಸ ಭೂಮಿಯನ್ನು ನಡುವೆ ಇಟ್ಟ ಹಳೆಯ ಟಾಲೆಮಿಯ ಲೆಕ್ಕಕ್ಕೆ ಕೂಡಲಿಲ್ಲ, ಗ್ರಹಗಳು ಸೂರ್ಯನನ್ನು ದೀರ್ಘವೃತ್ತದಲ್ಲಿ ಸುತ್ತುತ್ತವೆ ಎಂದ ಕೆಪ್ಲರನ ಲೆಕ್ಕಕ್ಕೆ ಕೂಡಿತು. ಸುತ್ತುವುದು ಭೂಮಿಯೋ ಸೂರ್ಯನೋ ಎಂಬುದು ಇದೊಂದರಿಂದ ತೀರ್ಮಾನವಾಗುವುದಿಲ್ಲ, ನಿಜ. ಆದರೂ ಪ್ರಾರ್ಥನೆಗೆ ಕಟ್ಟಿದ ಕಟ್ಟಡದೊಳಗೆ, ಹಬ್ಬದ ಲೆಕ್ಕಕ್ಕೆಂದು ಬಿಟ್ಟ ಬೆಳಕು ಕೆಪ್ಲರನ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಚರ್ಚು ಒಂದು ಕೈಯಲ್ಲಿ ಮುಚ್ಚಿದ್ದನ್ನು ಇನ್ನೊಂದು ಕೈಯಲ್ಲಿ ಹಣ ಕೊಟ್ಟು ತೆರೆಯುತ್ತಿತ್ತು. ‘ಯುದ್ಧ’ ಎಂಬ ಒಂದೇ ಪದದಲ್ಲಿ ಇದನ್ನು ಹೇಗೆ ಹಿಡಿಸುವುದು?

ಹೀಗೆಂದು, ಎರಡರ ನಡುವೆ ಬೇಲಿ ಹಾಕಿ ‘ನಿನ್ನ ಹೊಲ ನಿನಗೆ, ನನ್ನ ಹೊಲ ನನಗೆ’ ಎಂದು ಬಿಡುವುದೂ ನನಗೆ ಒಪ್ಪಿಗೆಯಿಲ್ಲ. ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ 1997ರಲ್ಲಿ ಹಾಕಿದ ಬೇಲಿ ಇದೇ: ವಾಸ್ತವಾಂಶ ವಿಜ್ಞಾನಕ್ಕೆ, ಮೌಲ್ಯ ಮತ್ತು ಅರ್ಥ ಧರ್ಮಕ್ಕೆ. ಕೇಳಲು ಸಭ್ಯವಾಗಿದೆ. ಜಗತ್ತಿನ ಧರ್ಮಗಳು ಮಾತ್ರ ಎಂದೂ ಹಾಗೆ ತಮ್ಮ ಹೊಲದೊಳಗೆ ಇದ್ದವಲ್ಲ. ಜಗತ್ತು ಯಾವಾಗ ಹುಟ್ಟಿತು, ಮನುಷ್ಯ ಎಲ್ಲಿಂದ ಬಂದ, ಸತ್ತವರು ಏನಾಗುತ್ತಾರೆ ಎಂದು ಅವು ಧಾರಾಳವಾಗಿ ಹೇಳಿವೆ. ಅವುಗಳಲ್ಲಿ ಪರೀಕ್ಷೆಗೆ ಸಿಕ್ಕುವ ಮಾತುಗಳು ಪರೀಕ್ಷೆಗೆ ಬರಲೇಬೇಕು, ಸೋತರೆ ಎದ್ದು ಹೋಗಬೇಕು. ಭೂಮಿಗೆ ಸುಮಾರು 450 ಕೋಟಿ ವರ್ಷ. ಇದರಲ್ಲಿ ಚೌಕಾಸಿಗೆ ಜಾಗವಿಲ್ಲ, ಯಾರ ಮನಸ್ಸು ನೋಯುತ್ತದೆ ಎಂಬ ಪ್ರಶ್ನೆಯೂ ಬರುವುದಿಲ್ಲ.

ತಿಳಿಯದ ಜಾಗದಲ್ಲಿ ದೇವರನ್ನು ಕೂರಿಸುವ ಹಳೆಯ ಚಾಳಿಯೂ ಕೆಟ್ಟದ್ದೇ. ಗ್ರಹಗಳು ಒಂದನ್ನೊಂದು ಎಳೆಯುವುದರಿಂದ ಕ್ರಮೇಣ ದಾರಿ ತಪ್ಪುತ್ತವೆ, ಆಗಾಗ ದೇವರೇ ಸರಿಪಡಿಸಬೇಕು ಎಂದು ನ್ಯೂಟನ್‌ನಂಥ ನ್ಯೂಟನ್ ಅಂದುಕೊಂಡಿದ್ದ. ಗುರು ಮತ್ತು ಶನಿಗ್ರಹಗಳ ಆ ತಪ್ಪು ನಡೆ ಸುಮಾರು 900 ವರ್ಷಗಳಿಗೊಮ್ಮೆ ತಾನಾಗಿ ಮರಳುವ ಆವರ್ತ ಎಂದು ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ 1780ರ ದಶಕದಲ್ಲಿ ಲೆಕ್ಕ ಹಾಕಿ ತೋರಿಸಿದ. ದೇವರಿಗೆ ಕೊಟ್ಟಿದ್ದ ಕೆಲಸ ಹೋಯಿತು. ನಾಜಿಗಳ ಸೆರೆಮನೆಯಲ್ಲಿದ್ದ ಪಾದ್ರಿ ಬಾನ್‌ಹೋಫರ್ 1944ರಲ್ಲಿ ಬರೆದ ಒಂದು ಪತ್ರದಲ್ಲಿ, ನಮ್ಮ ಅರಿವಿನ ಬಿರುಕಿಗೆ ತೇಪೆಯಾಗಿ ದೇವರನ್ನು ಬಳಸಬೇಡಿ ಎಂಬ ಮಾತಿದೆ. ಅರಿವು ಬೆಳೆದಂತೆ ಆ ದೇವರು ಹಿಮ್ಮೆಟ್ಟುತ್ತಲೇ ಇರಬೇಕಾಗುತ್ತದೆ. ನಾಸ್ತಿಕನ ವಾದದಂತೆ ಕೇಳಿಸುವ ಈ ಮಾತು ಮರಣದಂಡನೆಗೆ ಹತ್ತಿರವಿದ್ದ ಭಕ್ತನದು.

ಬೇಲಿಗೆ ಇನ್ನೊಂದು ತೊಡಕಿದೆ: ಮನುಷ್ಯರು ಹೊಲಗಳಲ್ಲ. 1919ರ ಮೇ 29ರ ಗ್ರಹಣದಲ್ಲಿ ನಕ್ಷತ್ರಗಳ ಬೆಳಕು ಸೂರ್ಯನ ಬಳಿ ಬಾಗುವುದನ್ನು ಅಳೆದು ಐನ್‌ಸ್ಟೈನರ ಸಿದ್ಧಾಂತಕ್ಕೆ ಬಲ ಕೊಟ್ಟ ಎಡಿಂಗ್ಟನ್, ಯುದ್ಧಕ್ಕೆ ಹೋಗುವುದಿಲ್ಲ ಎಂದವರು. ಕೊಲ್ಲುವುದು ಕ್ವೇಕರರ ನಂಬಿಕೆಗೆ ವಿರುದ್ಧ. ಸೇನೆಯಿಂದ ಅವರಿಗೆ ವಿನಾಯಿತಿ ಸಿಗುವಾಗ, ಗ್ರಹಣದ ತಯಾರಿಗೆ ಬೇಕಾದವರು ಎಂಬುದೂ ಒಂದು ಕಾರಣವಾಯಿತು. ಶತ್ರುದೇಶದ ರಾಜಧಾನಿಯಲ್ಲಿ ಕುಳಿತ ವಿಜ್ಞಾನಿಯ ಕೆಲಸವನ್ನು ಯುದ್ಧದ ನಡುವೆಯೂ ಇಂಗ್ಲೆಂಡಿನಲ್ಲಿ ಪ್ರೀತಿಯಿಂದ ವಿವರಿಸುತ್ತಿದ್ದವರು ಅವರೇ. ಆ ಅಳತೆಯಲ್ಲಿ ಧರ್ಮದ ಒಂದು ಅಂಕಿಯೂ ಇಲ್ಲ. ಆ ಅಳತೆಗೆ ಆತ ಜೀವಂತ ಹೊರಟದ್ದರಲ್ಲಿ ಧರ್ಮವಿದೆ.

ಭೌತವಿಜ್ಞಾನಿಗಳಾದ ಅಬ್ದುಸ್ ಸಲಾಂ ಮತ್ತು ಸ್ಟೀವನ್ ವೈನ್‌ಬರ್ಗ್ ಅವರದು ಇದರ ಮಗ್ಗುಲು ಕಥೆ. ವಿದ್ಯುತ್ಕಾಂತ ಬಲ ಮತ್ತು ದುರ್ಬಲ ಪರಮಾಣು ಬಲ ಒಂದರದೇ ಎರಡು ಮುಖ ಎಂದು ಇಬ್ಬರೂ 1960ರ ದಶಕದಲ್ಲಿ ಬೇರೆ ಬೇರೆಯಾಗಿ ಕಂಡುಕೊಂಡರು, 1979ರಲ್ಲಿ ಗ್ಲಾಷೋ ಜೊತೆ ನೊಬೆಲ್ ಹಂಚಿಕೊಂಡರು. ಸಲಾಂ ನಿಷ್ಠಾವಂತ ಮುಸ್ಲಿಮರು, ಸೃಷ್ಟಿಯಲ್ಲಿ ಏಕತೆಯಿದೆ ಎಂಬ ನಂಬಿಕೆ ಅವರ ಉಸಿರಿನಲ್ಲಿತ್ತು. ವೈನ್‌ಬರ್ಗ್ ಕಟ್ಟಾ ನಾಸ್ತಿಕರು. ಸಮೀಕರಣ ಒಂದೇ. ಯಾರಾದರೂ ಆ ಸಮೀಕರಣವನ್ನು ಮುಂದಿಟ್ಟು ಇದು ಆಸ್ತಿಕನದೋ ನಾಸ್ತಿಕನದೋ ಹೇಳಿ ಎಂದರೆ ಹೇಳಲಾಗದು. ಸಲಾಂ ಅವರ ಅಹ್ಮದೀಯ ಪಂಥವನ್ನು ಪಾಕಿಸ್ತಾನ 1974ರಲ್ಲಿ ಮುಸ್ಲಿಮೇತರ ಎಂದು ಸಾರಿತು. ಅವರ ಗೋರಿಯ ಕಲ್ಲಿನಿಂದ ‘ಮುಸ್ಲಿಂ’ ಎಂಬ ಪದವನ್ನು ಅಳಿಸಿಹಾಕಲಾಗಿದೆ. ವಿಜ್ಞಾನಿಯ ನಂಬಿಕೆಯನ್ನು ಕಸಿದುಕೊಳ್ಳಲು ಹೊರಟದ್ದು ವಿಜ್ಞಾನವಂತೂ ಅಲ್ಲ.

ಮೊನ್ನೆ ಚಿಕ್ಕಮ್ಮನಿಗೆ ಫೋನ್ ಮಾಡಿದ್ದೆ. ಮಾತಿನ ನಡುವೆ, ‘ಪ್ರಾರ್ಥನೆಯಲ್ಲಿ ಏನು ಕೇಳಿಕೊಳ್ಳುತ್ತೀಯ?’ ಎಂದೆ. ‘ಕೇಳುವುದು ಏನಿರುತ್ತದೆ, ಒಬ್ಬೊಬ್ಬರ ಹೆಸರು ಹೇಳುತ್ತೇನೆ. ನಿನ್ನದೂ ಇರುತ್ತದೆ’ ಎಂದಳು. ನಾನು ನಂಬುವುದಿಲ್ಲವಲ್ಲ ಎಂದೆ. ‘ಪ್ರಾರ್ಥನೆ ಮಾಡುವವಳು ನಾನೋ ನೀನೋ?’ ಎಂದು ಕೇಳಿ, ಊಟವಾಯಿತೇ ಎಂದು ಮಾತು ಬದಲಿಸಿದಳು. ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ನಾನು ನಂಬುವುದಿಲ್ಲ. ಅದು ಹಾಗೆಯೇ ಇದೆ. ನನ್ನ ಹೆಸರು ಅಲ್ಲಿಂದ ತೆಗೆದುಹಾಕು ಎಂದೂ ಹೇಳಲಿಲ್ಲ.

ಫೋನ್ ಇಟ್ಟ ಮೇಲೆ ನೆನಪಾದವಳು ಎಮ್ಮಾ. 1839ರ ಜನವರಿ 29ರಂದು ಎಮ್ಮಾ ವೆಜ್‌ವುಡ್ ಮತ್ತು ಚಾರ್ಲ್ಸ್ ಡಾರ್ವಿನ್ ಮದುವೆಯಾದರು. ತನ್ನ ನಂಬಿಕೆ ಸಡಿಲವಾಗುತ್ತಿದೆ ಎಂಬುದನ್ನು ಆತ ಮದುವೆಗೆ ಮುಂಚೆಯೇ ಮುಚ್ಚಿಡದೆ ಹೇಳಿದ್ದ. ಮದುವೆಯಾದ ಹೊಸದರಲ್ಲಿ ಎಮ್ಮಾ ಒಂದು ಪತ್ರ ಬರೆದಳು. ಒಂದೇ ಮನೆಯಲ್ಲಿದ್ದ ಗಂಡನಿಗೆ ಪತ್ರ. ಎದುರು ಕುಳಿತು ಹೇಳಲಾಗದ ಮಾತು ಇರುತ್ತದಲ್ಲ. ರುಜುವಾತಾಗುವ ತನಕ ಏನನ್ನೂ ನಂಬಬಾರದು ಎಂಬ ವಿಜ್ಞಾನದ ಅಭ್ಯಾಸ, ಹಾಗೆ ರುಜುವಾತು ಮಾಡಲು ಬಾರದ ಬೇರೆ ಸಂಗತಿಗಳಲ್ಲೂ ನಿಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿದುಬಿಡದಿರಲಿ ಎಂದು ಆಕೆ ಕೇಳಿಕೊಂಡಳು. ನೀವು ಪ್ರಾಮಾಣಿಕವಾಗಿ ಸತ್ಯವನ್ನು ಹುಡುಕುತ್ತಿರುವಾಗ ತಪ್ಪು ದಾರಿಯಲ್ಲಿರಲಾರಿರಿ ಎಂದೂ ಬರೆದಳು. ನಾವಿಬ್ಬರೂ ಎಂದೆಂದಿಗೂ ಒಬ್ಬರಿಗೊಬ್ಬರು ಸೇರಿದವರಲ್ಲ ಎಂದಾದರೆ ತನಗೆ ಬಹಳ ಸಂಕಟವಾಗುತ್ತದೆ ಎಂದಳು. ಪರಲೋಕದ ಪ್ರಶ್ನೆ ಆಕೆಗೆ ಸಿದ್ಧಾಂತವಾಗಿರಲಿಲ್ಲ. ಗಂಡ ಜೊತೆಗಿರುತ್ತಾನೋ ಇಲ್ಲವೋ ಎಂಬುದಾಗಿತ್ತು.

ಡಾರ್ವಿನ್ ಆಕೆ ಬಯಸಿದ ಹಾಗೆ ಬದಲಾಗಲಿಲ್ಲ. 1851ರಲ್ಲಿ ಅವರ ಮಗಳು ಆ್ಯನಿ ಹತ್ತು ವರ್ಷಕ್ಕೆ ತೀರಿಕೊಂಡಳು. ಅವನ ನಂಬಿಕೆಯ ಕೊನೆಯ ಎಳೆ ಅಲ್ಲಿಗೆ ಹರಿಯಿತು ಎಂದು ಹಲವರು ಬರೆದಿದ್ದಾರೆ. ಇರಬಹುದು. ಅದೇ ಸಾವಿನ ದುಃಖವನ್ನು ಎಮ್ಮಾ ಕೂಡ ಅನುಭವಿಸಿದಳು, ಆಕೆಯ ಎಳೆ ಹರಿಯಲಿಲ್ಲ. ಮನೆಯವರು ಚರ್ಚಿಗೆ ಹೋದಾಗ ಆತ ಹೊರಗೆ ತಿರುಗಾಡಲು ಹೋಗುತ್ತಿದ್ದ. ಊರಿನ ಪಾದ್ರಿ ಅವನ ಜೀವದ ಗೆಳೆಯನಾಗಿಯೇ ಉಳಿದ. ಗಂಡ ಸತ್ತ ಮೇಲೆ ಆತನ ಆತ್ಮಕಥೆ ಅಚ್ಚಿಗೆ ಹೋಗುವಾಗ, ಧರ್ಮದ ಬಗ್ಗೆ ಅವನು ಬರೆದಿದ್ದ ಕಟುವಾದ ಸಾಲುಗಳನ್ನು ಎಮ್ಮಾ ತೆಗೆಸಿದಳು. ಅವು ಮರಳಿ ಅಚ್ಚಾದದ್ದು 1958ರಲ್ಲಿ, ಮೊಮ್ಮಗಳು ಸಂಪಾದಿಸಿದ ಪ್ರತಿಯಲ್ಲಿ. ನಲವತ್ತಮೂರು ವರ್ಷ ಜೊತೆಗೆ ಬಾಳಿದ ಇಬ್ಬರ ನಡುವೆ ಈ ಪ್ರಶ್ನೆ ಬಗೆಹರಿಯಲಿಲ್ಲ ಎಂಬುದು ಅಷ್ಟರಿಂದಲೇ ತಿಳಿಯುತ್ತದೆ.

ಮದುವೆಯ ಹೊಸದರಲ್ಲಿ ಬರೆದ ಆ ಪತ್ರವನ್ನು ಡಾರ್ವಿನ್ ಎಸೆಯಲಿಲ್ಲ. ಎಮ್ಮಾಳ ಬರಹ ಮುಗಿದ ಮೇಲೆ ಕೆಳಗೆ ಉಳಿದ ಜಾಗದಲ್ಲಿ ಅವನ ಕೈಬರಹದ ಒಂದು ಸಾಲಿದೆ: ನಾನು ಸತ್ತ ಮೇಲೆ ತಿಳಿದುಕೋ, ಎಷ್ಟೋ ಸಲ ಈ ಕಾಗದಕ್ಕೆ ಮುತ್ತಿಟ್ಟು ಅತ್ತಿದ್ದೇನೆ.